ಏಳು ಗಂಟೆಯ ‘ನಿಲ್’

ಪೊಲೀಸ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದೆ ಎಂದರೆ ಜನ ಮೊದಲು ಕೇಳುವುದು, ಎಷ್ಟು ಕಳ್ಳರನ್ನು ಹಿಡಿದಿರಿ ಎಂದು. ಒಬ್ಬನನ್ನೂ ಹಿಡಿದಿಲ್ಲ. ಲಾಠಿ ಎತ್ತಿದ್ದು ಒಂದೇ ಸಲ, ಅದೂ ನಮ್ಮ ವೈರ್‌ಲೆಸ್ ಕೋಣೆಗೆ ನುಗ್ಗಿದ ಮಂಗನ ಮೇಲೆ. ಮಂಗ ನನ್ನ ಬುತ್ತಿಯನ್ನು ತೆಗೆದುಕೊಂಡೇ ಹೋಯಿತು. ಒಂದು ಠಾಣೆಯ ಮಾತನ್ನು ಇನ್ನೊಂದು ಠಾಣೆಗೆ ಮುಟ್ಟಿಸುವುದು ನನ್ನ ಉದ್ಯೋಗ. ಎಂಬತ್ತರ ದಶಕದ ಆರಂಭದಲ್ಲಿ ವರ್ಗವಾಗಿ ಚಿಕ್ಕೋಡಿಗೆ ಬಂದವನು, ತೊಂಬತ್ತರ ದಶಕದ ಕೊನೆಗೆ ಅಲ್ಲಿಂದಲೇ ನಿವೃತ್ತನಾದೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಇವೆಲ್ಲ ನನಗೆ ಊರುಗಳಿಗಿಂತ ಹೆಚ್ಚಾಗಿ ಧ್ವನಿಗಳು. ಅಥಣಿಯವನಿಗೆ ನೆಗಡಿಯಾದರೆ ನನಗೆ ಚಿಕ್ಕೋಡಿಯಲ್ಲಿ ಗೊತ್ತಾಗುತ್ತಿತ್ತು.

ಹೋದ ತಿಂಗಳು ನಮ್ಮ ಓಣಿಯ ಸುನಂದಾ ಇದೇ ವಿಭಾಗಕ್ಕೆ ಆಯ್ಕೆಯಾಗಿ ಪೇಢೆ ಹಿಡಿದುಕೊಂಡು ಬಂದಳು. ‘ಕಾಕಾ, ಈ ಕೆಲಸದಾಗ ಏನ್ ಇರತೈತಿ, ಖರೇ ಖರೇ ಹೇಳ್ರಿ’ ಎಂದಳು. ಒಂದು ತಾಸು ಮಾತಾಡಿದೆ. ಅವಳು ಹೋದ ಮೇಲೆ, ಹೇಳಬೇಕಾದದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆನಲ್ಲ ಅನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿಯ ಮಾತು ಎತ್ತುವುದಿಲ್ಲ. ಅದು ಬರಬೇಕಾದಾಗ ಬಂತು, ಪೇಢೆ ಹಂಚಿದೆವು, ಮುಗಿಯಿತು.

ನಾನು ಕಬ್ಬೂರಿನ ಒಕ್ಕಲುತನದ ಮನೆಯವನು. ಅಣ್ಣಂದಿರು ಕಬ್ಬು ಬೆಳೆದರು, ನಾನು ಮೋರ್ಸ್ ಕಲಿತೆ. ಕಟ್ಟು, ಕಡ, ಕಟ್ಟು, ಕಡ ಎಂದು ಬೆರಳಿನಿಂದ ಅಕ್ಷರ ಬಡಿಯುವ ವಿದ್ಯೆ ಅದು. ರಜೆಗೆ ಊರಿಗೆ ಹೋದಾಗ ಊಟಕ್ಕೆ ಕೂತಲ್ಲಿ ತಾಟಿನ ಅಂಚಿನ ಮೇಲೆ ಬೆರಳು ತಾನಾಗಿಯೇ ಬಡಿಯುತ್ತಿತ್ತು. ಅವ್ವ ನೆರೆಯವರ ಮುಂದೆ, ‘ಪೊಲೀಸ ಆಗ್ಯಾನ, ಆದ್ರ ಯಾರಿಗೂ ಹೊಡ್ಯಾಂಗಿಲ್ಲ, ಬರೇ ತಾಟಿಗೆ ಹೊಡೀತಾನ’ ಎಂದು ದೂರುತ್ತಿದ್ದಳು. ಊರವರು ನಾನು ರೇಡಿಯೋ ರಿಪೇರಿಯವನೆಂದೇ ತಿಳಿದಿದ್ದರು. ಒಬ್ಬರ ಟ್ರಾನ್ಸಿಸ್ಟರ್ ಬಿಚ್ಚಿ ಮತ್ತೆ ಜೋಡಿಸಲಾಗದೆ, ಅದನ್ನು ಟವೆಲ್ಲಿನಲ್ಲಿ ಕಟ್ಟಿ ಹಿಂದಿರುಗಿಸಿದ ಮೇಲೆ ಆ ಕಾಟ ತಪ್ಪಿತು.

ಚಿಕ್ಕೋಡಿಯಲ್ಲಿ ನನ್ನ ಮೇಲಧಿಕಾರಿ ವೆಂಕಟರಾಮಯ್ಯನವರು, ಮೈಸೂರು ಕಡೆಯವರು. ಉದ್ದ ಮಾತು ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ಪುಟಗಟ್ಟಲೆ ಸಂದೇಶ ಬರೆದು ತಂದರೆ ಅದನ್ನು ತಿರುಗಿಸಿಟ್ಟು, ‘ಈಗ ಬಾಯಲ್ಲಿ ಹೇಳಿ’ ಎನ್ನುವರು. ಬಾಯಲ್ಲಿ ಬಂದದ್ದು ಎರಡು ಸಾಲು. ಆ ಎರಡು ಸಾಲೇ ಹೋಗಬೇಕು. ನಮಗೆ ಅವರು ಕಲಿಸಿದ ಕ್ರಮವೂ ಚಿಕ್ಕದೇ. ಕೇಳು, ಬರೆ, ಬರೆದದ್ದನ್ನು ತಿರುಗಿ ಓದಿ ಒಪ್ಪಿಸು, ಆಮೇಲೆ, ಮುಟ್ಟಿತು ಎಂಬುದಕ್ಕೆ ‘ರೋಜರ್’ ಅನ್ನು. ‘ಮಲಗೌಡ, ಕಿವಿಗೆ ಬಿದ್ದ ಮೇಲೆ ಪೆನ್ನು. ಅದಕ್ಕೆ ಮುಂಚೆ ಪೆನ್ನು ಜೇಬಲ್ಲಿ’ ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಅವರ ಧ್ವನಿಯನ್ನು ಅಣಕಿಸುವುದರಲ್ಲಿ ನಾನು ಗಟ್ಟಿಗ. ಒಂದು ಮಧ್ಯಾಹ್ನ ಬ್ಯಾಟರಿ ಚಾರ್ಜು ಮಾಡುವ ಪೇದೆಯ ಮುಂದೆ ಕೂತು, ‘ಏನಯ್ಯಾ ಮಲಗೌಡ, ಈ ಜೋಳದ ರೊಟ್ಟಿ ತಿಂದು ತಿಂದು ನನ್ನ ಹಲ್ಲು ಅಲ್ಲಾಡ್ತಿದೆ ಕಣಯ್ಯಾ’ ಎಂದು ಸಾಹೇಬರ ಹಾಗೆಯೇ ಮಾತಾಡಿ ತೋರಿಸುತ್ತಿದ್ದೆ. ಮೈಕಿನ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡಿದ್ದು ಗೊತ್ತಿರಲಿಲ್ಲ. ಅಥಣಿಯಿಂದ ನಿಪ್ಪಾಣಿಯವರೆಗೆ ಎಲ್ಲ ಠಾಣೆಗಳೂ ಕೇಳಿ ನಕ್ಕವು. ಸ್ವಲ್ಪ ಹೊತ್ತಿಗೆ ಸಾಹೇಬರು ಬಾಗಿಲಲ್ಲಿ ಬಂದು ನಿಂತರು. ‘ಧ್ವನಿ ಚೆನ್ನಾಗೇ ಮಾಡ್ತೀಯ. ಆದ್ರೆ ನಾನು ಅಷ್ಟು ಉದ್ದ ಮಾತಾಡಲ್ಲ’ ಎಂದು ಹೇಳಿ, ಗುಂಡಿಯನ್ನು ಉಗುರಿನಿಂದ ಎತ್ತಿ ಬಿಡಿಸಿ ಹೋದರು. ಮುಂದೆ ಒಂದು ತಿಂಗಳು ಕಾಗವಾಡದವನು ದಿನಾ ಬೆಳಿಗ್ಗೆ ನನ್ನನ್ನು, ‘ಹಲ್ಲ ಹ್ಯಾಂಗ ಅದಾವ್ರಿ?’ ಎಂದು ಕೇಳುತ್ತಿದ್ದ.

ಕಾಗವಾಡದ ಕಡೆಯ ಇನ್ನೊಂದು ಕಥೆಯನ್ನೂ ಹೇಳಬೇಕು. ಅಲ್ಲಿಯ ರೈತರೊಬ್ಬರ ಜೋಡಿ ಎತ್ತು ಹಗ್ಗ ಹರಿದುಕೊಂಡು ಹೋಗಿ ಗಡಿಯಾಚೆಯ ಹಳ್ಳಿ ಸೇರಿದವು. ಆಚೆಯ ಠಾಣೆಗೆ ತಿಳಿಸಬೇಕು. ಆದರೆ ಅವರ ಸೆಟ್ಟಿನ ತರಂಗವೇ ಬೇರೆ, ನಮ್ಮದೇ ಬೇರೆ. ಸಂದೇಶ ನನ್ನಿಂದ ಬೆಳಗಾವಿಗೆ, ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮುಂಬಯಿಗೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಆ ಠಾಣೆಗೆ ಹೋಗಬೇಕು. ರೈತ ಕಾಗವಾಡದ ಪೇದೆಯ ಪಕ್ಕದಲ್ಲೇ ನಿಂತಿದ್ದ, ಅವನ ಕೂಗು ನನಗೆ ಸೆಟ್ಟಿನಲ್ಲಿ ಕೇಳುತ್ತಿತ್ತು.

‘ಸಾಹೇಬ, ಬೈಲ ತಿಥಂ ದಿಸತಾತ ಕೀ! ಅಲ್ಲೇ ಕಾಣಾಕತ್ತಾವ್ರಿ ನನ್ನ ಎತ್ತ! ಬೆಂಗಳೂರಿಗೆ ಯಾಕ ಕೇಳ್ತೀರಿ?’

ಕೊನೆಗೆ ಅವನು ಬೇಸತ್ತು, ಹೊಲ ದಾಟಿ ನಡೆದುಕೊಂಡೇ ಹೋದ. ಆಚೆಯ ಮನೆಯವರು ಎತ್ತುಗಳನ್ನು ನೆರಳಿಗೆ ಕಟ್ಟಿ ಮೇವು ಹಾಕಿದ್ದರಂತೆ. ಇವನಿಗೂ ಚಹಾ ಕುಡಿಸಿ ಕಳಿಸಿದರು. ಮರುದಿನ ನನಗೆ ಬೆಳಗಾವಿಯ ಮೂಲಕ ಮುಂಬಯಿಯ ಪ್ರಶ್ನೆ ಬಂತು: ಎತ್ತುಗಳ ಬಣ್ಣ ತಿಳಿಸಿರಿ. ನಾನು ಬಣ್ಣವನ್ನೂ ತಿಳಿಸಿದೆ, ಅವನ್ನು ಈಗ ನೇಗಿಲಿಗೆ ಹೂಡಿದ್ದಾರೆ ಎಂದೂ ತಿಳಿಸಿದೆ.

ಇಂಥವನ್ನೆಲ್ಲ ಸುನಂದಾಳಿಗೆ ಹೇಳಿದೆ, ಅವಳು ಬಿದ್ದು ಬಿದ್ದು ನಕ್ಕಳು. ಹೇಳದೆ ಬಿಟ್ಟದ್ದು ಇದು.

ನಮ್ಮ ಕಡೆ ನೆರೆಯ ರೀತಿಯೇ ಬೇರೆ. ಮಳೆ ಬೀಳುವುದು ಘಟ್ಟದ ಮೇಲೆ, ಹೊಳೆ ಏರುವುದು ನಮ್ಮಲ್ಲಿ. ಚುರುಗುಟ್ಟುವ ಬಿಸಿಲಿನಲ್ಲಿ ಕೌದಿ ಒಣಹಾಕಿದವರ ಅಂಗಳಕ್ಕೆ ನೀರು ಬಂದದ್ದಿದೆ. ಅದಕ್ಕೇ ಪ್ರತಿ ಮಳೆಗಾಲ ಹೊಳೆಸಾಲಿನ ಕೆಲವು ಕಡೆ ತಾತ್ಕಾಲಿಕ ಸೆಟ್ಟು ಇಡುತ್ತಿದ್ದೆವು: ಒಂದು ಸೆಟ್ಟು, ಒಂದು ಲಾರಿ ಬ್ಯಾಟರಿ, ಬಿದಿರಿನ ಗಳಕ್ಕೆ ಕಟ್ಟಿದ ತಂತಿ, ಒಬ್ಬ ಪೇದೆ. ಭೋಜ ಎಂಬ ಹಳ್ಳಿಯ ಆಚೆ, ದೂಧಗಂಗಾ ವೇದಗಂಗಾ ಹೊಳೆಗಳೆರಡೂ ಕೂಡುವ ಸಂಗಮದ ಕಡೆಯ ಅಡವಿಯಲ್ಲಿ ಒಂದು ತಗಡಿನ ಶೆಡ್ಡಿತ್ತು. ಅಲ್ಲಿ ಒಂದು ವರ್ಷ ಯಮನಪ್ಪ ಎಂಬ ಪೇದೆಯನ್ನು ಹಾಕಿದ್ದರು. ಶೆಡ್ಡಿನ ಸುತ್ತ ಕುರಿಗಾರರ ಬಿಡಾರ, ಸ್ವಲ್ಪ ದೂರದಲ್ಲಿ ಒಂದು ದಿಬ್ಬ. ಬೇರೆ ಮನೆ ಮಠ ಇಲ್ಲ.

ಬೆಳಿಗ್ಗೆ ಏಳಕ್ಕೆ ಹಾಜರಿ. ನಾನು ಒಂದೊಂದು ಹೆಸರು ಕರೆಯಬೇಕು. ವಿಷಯವಿದ್ದರೆ ಅವರು ಹೇಳಬೇಕು, ಇಲ್ಲದಿದ್ದರೆ ‘ನಿಲ್’, ಅಂದರೆ ಏನೂ ಇಲ್ಲ, ಎಲ್ಲ ಕ್ಷೇಮ. ಅದನ್ನು ವಹಿಯಲ್ಲಿ ಆ ಹೆಸರಿನ ಮುಂದೆ ಬರೆದು, ಇಡೀ ಪುಟವನ್ನು ಬೆಳಗಾವಿಗೆ ಓದಿ ಒಪ್ಪಿಸಬೇಕು. ಇಡೀ ಉಪವಿಭಾಗಕ್ಕೆ ಇದ್ದದ್ದು ಒಂದೇ ಯಾಂತ್ರಿಕ ಬೋಟು. ಚಿಕ್ಕೋಡಿಯಲ್ಲಿ ಲಾರಿಯ ಮೇಲೆ ಕೂತಿರುತ್ತಿತ್ತು. ಅದು ಯಾವ ದಿಕ್ಕಿಗೆ ಹೋಗಬೇಕೆಂಬುದು ನನ್ನ ಆ ಪುಟದ ಮೇಲೆಯೇ ತೀರ್ಮಾನವಾಗುತ್ತಿತ್ತು.

ಯಮನಪ್ಪ ಮಾತಿನಲ್ಲಿ ಬಹಳ ಜಿಪುಣ. ಮೂರು ವಾರ ದಿನಾ ಅದೇ ಒಂದು ಶಬ್ದ, ಅದೇ ಸ್ವರ. ಉಳಿದವರದೂ ಹೆಚ್ಚುಕಡಿಮೆ ಅಷ್ಟೇ. ನನ್ನ ಅಕ್ಷರ ಬಹಳ ದುಂಡು. ಅವಸರದಲ್ಲಿ ಬರೆದರೆ ಕೆಡುತ್ತದೆಂದು ನಾನೊಂದು ಉಪಾಯ ಕಂಡುಕೊಂಡಿದ್ದೆ. ಆರೂವರೆಗೇ ಚಹಾ ಕುಡಿಯುತ್ತಾ ಎಲ್ಲ ಹೆಸರುಗಳ ಮುಂದೆ ‘ನಿಲ್’ ಎಂದು ಸಾಲಾಗಿ ಬರೆದಿಡುವುದು. ಆಮೇಲೆ ಹಾಜರಿ ಕರೆಯುವಾಗ ಪಕ್ಕದಲ್ಲಿ ಬರೇ ಒಂದು ಗೀಟು ಹಾಕಿದರಾಯಿತು. ವೈರ್‌ಲೆಸ್ಸಿನವರಿಗೆಲ್ಲ ಗೊತ್ತಿರುವ ಅಡ್ಡದಾರಿ ಇದು. ಯಾರೂ ಒಪ್ಪಿಕೊಳ್ಳುವುದಿಲ್ಲ, ನಾನು ಒಪ್ಪಿಕೊಳ್ಳುತ್ತಿದ್ದೇನೆ.

ಆ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಹಾಜರಿ ಕರೆದೆ. ಅಥಣಿ ನಿಲ್, ಕಾಗವಾಡ ನಿಲ್, ರಾಯಬಾಗ ನಿಲ್. ಯಮನಪ್ಪನನ್ನು ಕರೆದೆ, ಉತ್ತರವಿಲ್ಲ. ಇನ್ನೊಮ್ಮೆ ಕರೆದೆ, ಇಲ್ಲ. ಬ್ಯಾಟರಿ ಬದಲಿಸುತ್ತಿರಬೇಕು, ಕೊನೆಗೆ ಮತ್ತೆ ಕರೆದರಾಯಿತು ಎಂದುಕೊಂಡು ಮುಂದಿನ ಹೆಸರಿಗೆ ಹೋದೆ. ಪಟ್ಟಿ ಮುಗಿಯುವಷ್ಟರಲ್ಲಿ ಬೆಳಗಾವಿಯವರು ವರದಿ ಕೇಳಿದರು. ನಾನು ಪುಟ ಎತ್ತಿ ಓದಿದೆ. ಕಣ್ಣ ಮುಂದೆ ಏನು ಬರೆದಿತ್ತೋ ಅದನ್ನು ಓದಿದೆ. ಯಮನಪ್ಪನ ಹೆಸರಿನ ಮುಂದೆ ನನ್ನ ದುಂಡು ಅಕ್ಷರದಲ್ಲಿ ‘ನಿಲ್’ ಎಂದಿತ್ತು, ಅದನ್ನೂ ಓದಿದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬರೆದಿತ್ತು, ಓದಿದೆ, ಅಷ್ಟೇ.

ಸಂಗಮದ ಕಡೆ ಕ್ಷೇಮವಿದ್ದರೆ ಬೋಟನ್ನು ಮುಂಜಾಗ್ರತೆಗೆ ಅಥಣಿಯ ಕಡೆಗೆ ಕಳಿಸಿ ಎಂದು ಬೆಳಗಾವಿಯಿಂದ ಅಪ್ಪಣೆ ಬಂತು. ಏಳೂವರೆಗೆ ಲಾರಿ ಹೊರಟಿತು. ನಮ್ಮ ಕಿಟಕಿಯ ಮುಂದೆಯೇ ಹೋಯಿತು. ಡ್ರೈವರ್ ಕೈ ಬೀಸಿದ, ನಾನೂ ಬೀಸಿದೆ. ಆಮೇಲೆ ಒಂದರ ಹಿಂದೆ ಒಂದು ಸಂದೇಶ ಬರುತ್ತಾ, ಯಮನಪ್ಪನನ್ನು ಮತ್ತೆ ಕರೆಯಬೇಕೆಂಬುದು ಮರೆತೇ ಹೋಯಿತು.

ಒಂಬತ್ತರ ಹಾಜರಿಗೂ ಅವನಿಲ್ಲ. ಏಳಕ್ಕೂ ಅವನು ಸಿಕ್ಕಿರಲಿಲ್ಲವೆಂಬುದು ಆಗ ನೆನಪಾಯಿತು. ಐದು ಸಲ ಕರೆದೆ. ಭೋಜಕ್ಕೆ ಫೋನು ಹಚ್ಚಿದೆ, ತಂತಿ ಸತ್ತಿತ್ತು. ಅಷ್ಟರಲ್ಲಿ ನಿಪ್ಪಾಣಿಯಿಂದ ಆ ಕಡೆ ಹೋಗಿದ್ದ ಜೀಪಿನ ಧ್ವನಿ ಕೇಳಿತು.

‘ಭೋಜದ ರಸ್ತಾ ಮ್ಯಾಲ ನೀರ ಬಂದೈತ್ರಿ. ಇಲ್ಲಿಂದ ಮುಂದ ಗಾಡಿ ಹೋಗಂಗಿಲ್ಲ. ಓವರ್.’

ಕಂಗಾಲಾದೆ. ಒಂದು ಹಾದಿ ಸುಲಭವಿತ್ತು. ಒಂಬತ್ತಕ್ಕೆ ಆ ಸೆಟ್ಟು ಸಿಗುತ್ತಿಲ್ಲ ಎಂದಷ್ಟೇ ಹೇಳುವುದು. ಆದರೆ ಏಳಕ್ಕೆ ಕ್ಷೇಮವಿದ್ದವನು ಒಂಬತ್ತಕ್ಕೆ ಸಿಗಲಿಲ್ಲವೆಂದರೆ, ಬ್ಯಾಟರಿ ಹೋಗಿದೆ, ಒಬ್ಬನನ್ನು ಕಳಿಸಿ ನೋಡಿಸಿ ಎನ್ನುತ್ತಾರೆ. ನಾನೇ ಅಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ. ಒಂದು ಬ್ಯಾಟರಿಗಾಗಿ ಇದ್ದೊಂದು ಬೋಟನ್ನು ಯಾರೂ ತಿರುಗಿಸುವುದಿಲ್ಲ. ಅವನು ಬೆಳಗಿನಿಂದಲೇ ಮಾತಾಡಿಲ್ಲವೆಂದು ಗೊತ್ತಾದರೆ ಮಾತ್ರ ತಿರುಗಿಸುತ್ತಾರೆ. ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಹೇಳಿದರೆ ಎಲ್ಲ ಊರುಗಳ ಠಾಣೆಗಳು ಕೇಳುತ್ತವೆ. ನೌಕರಿ ಹೋದೀತು ಎಂಬ ಹೆದರಿಕೆಗಿಂತ, ಅವರೆಲ್ಲರೂ ಕೇಳುತ್ತಾರಲ್ಲ ಎಂಬ ನಾಚಿಕೆಯೇ ಹೆಚ್ಚಾಗಿತ್ತು. ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಗುಂಡಿ ಒತ್ತಿದೆ.

‘ಎಲ್ಲ ಠಾಣೆಗಳ ಗಮನಕ್ಕೆ. ಸಂಗಮದ ಸೆಟ್ಟಿನ ಬಗ್ಗೆ ನನ್ನ ಏಳು ಗಂಟೆಯ ವರದಿ ತಪ್ಪು. ಅವರು ನಿಲ್ ಎಂದಿಲ್ಲ. ಅವರು ಮಾತಾಡಿಯೇ ಇಲ್ಲ. ಕರೆಯುವ ಮೊದಲೇ ನಾನು ಬರೆದಿಟ್ಟಿದ್ದೆ. ಬೋಟು ತಿರುಗಬೇಕು. ಓವರ್.’

ಆಮೇಲೆ ಅಥಣಿಗೆ ಹೋಗಿದ್ದ ವೆಂಕಟರಾಮಯ್ಯನವರ ಧ್ವನಿ ಬಂತು. ‘ಇಲ್ಲಿ ನೀರು ದಂಡೆಯೊಳಗೇ ಇದೆ. ಬೋಟು ತಿರುಗಿಸಿ.’ ಅಷ್ಟೇ. ಲಾರಿಯವನು, ‘ರಾಯಬಾಗ ದಾಟಿದ್ವಿರಿ, ತಿರಗಸಾಕತ್ತೀವಿ’ ಎಂದ. ಬೆಳಗಾವಿಯವರು ಮಧ್ಯೆ ಬರಲಿಲ್ಲ.

ಹನ್ನೆರಡೂವರೆಯವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಪೇದೆ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಲಾರಿಯ ಸೆಟ್ಟು ಮಾತಾಡಿತು.

‘ಹದಿನಾಲ್ಕ ಮಂದಿ ದಿಬ್ಬದ ಮ್ಯಾಲ ಸಿಕ್ಕಾರ್ರಿ. ಎಲ್ಲಾರೂ ಜೀವಂತ ಅದಾರ. ಓವರ್.’

ತಿರುಗಿ ಓದಿ ಒಪ್ಪಿಸಬೇಕಲ್ಲ, ‘ಹದಿನಾಲ್ಕು’ ಎಂದು ಎರಡು ಸಲ ಓದಿದೆ. ‘ಯಮನಪ್ಪ?’ ಎಂದೆ.

‘ಇಲ್ಲೇ ಅದಾನ್ರಿ. ಕುರಿಮರಿ ತೊಡಿ ಮ್ಯಾಲ ಹಾಕ್ಕೊಂಡ ಕುಂತಾನ.’

ಆ ಸಂಜೆ ಸಾಹೇಬರು ಬಂದು ವಹಿ ತೆರೆದು, ಆ ‘ನಿಲ್’ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿದರು. ‘ಈ ಪುಟ ಹರೀಬೇಡ. ಹೊಸಬರು ಬಂದ್ರೆ ಇದನ್ನೇ ಮೊದಲು ತೋರಿಸು’ ಎಂದರು. ಸೇವಾ ಪುಸ್ತಕದಲ್ಲಿ ನನಗೊಂದು ಛೀಮಾರಿ ಬರೆದರು, ಅದೂ ಎರಡೇ ಸಾಲು. ಮತ್ತೆ ಆ ಮಾತನ್ನು ಅವರು ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಯಮನಪ್ಪ ನೀರು ಕುಡಿದ ಸೆಟ್ಟನ್ನು ಒಪ್ಪಿಸಲು ಬಂದ.

‘ಬ್ಯಾಟ್ರಿ ಎಲ್ಲಿ?’ ಎಂದೆ.

‘ಹೊಳಿ ಪಾಲಾತ್ರಿ. ಬೆಳಕ ಹರಿಯೂ ಮುಂದ ಶೆಡ್ಡಿನಾಗ ಮೊಣಕಾಲ ತನಕ ನೀರ. ಅಲ್ಲಿ ಲಗಮವ್ವ ಅಂತ ಮುದುಕಿ, ಕುರಿಗಾರ್ತಿ. ನಡ್ಯಾಕ ಬರಂಗಿಲ್ಲ ಅಕಿಗೆ. ದಿಬ್ಬಕ್ಕ ಒಂದ ಸಲ ಅಷ್ಟ ಹೋಗಾಕ ಆಕ್ಕಿತ್ತ. ಬ್ಯಾಟ್ರಿ ಹೊರ್ಲೋ, ಮುದುಕಿನ್ನ ಹೊರ್ಲೋ? ಮುದುಕಿ ಹಗೂರ ಇದ್ಲರಿ.’

ನಾನು ನಗಲಿಲ್ಲ. ಅವನೇ ಮುಂದುವರಿಸಿದ.

‘ನನಗೇನ ಕಾಳಜಿ ಇರ್ಲಿಲ್ಲ ಬಿಡ್ರಿ. ಅವ್ರಿಗೆಲ್ಲ ಹೇಳಿದ್ದೆ. ಏಳಕ್ಕ ಹಾಜರಿ ಐತಿ, ನಾ ಮಾತಾಡ್ಲಿಲ್ಲ ಅಂದ್ರ ಚಿಕ್ಕೋಡಿಯವ್ರು ತಿಳ್ಕೋತಾರ, ಬೋಟ್ ಕಳಸ್ತಾರ ಅಂತ. ಜರಾ ತಡ ಆತು. ಲಾರಿ ಕೆಟ್ಟಿತ್ತೇನ್ರಿ?’

ನನ್ನ ತಪ್ಪೊಪ್ಪಿಗೆಯನ್ನು ಅಷ್ಟೂ ಊರುಗಳಲ್ಲಿ ಎಲ್ಲರೂ ಕೇಳಿದ್ದರು. ಕೇಳದೆ ಉಳಿದವನು ಇವನೊಬ್ಬ. ಇವನ ಸೆಟ್ಟೇ ಸತ್ತಿತ್ತಲ್ಲ. ಹೂಂ, ಕೆಟ್ಟಿತ್ತು ಎಂದರೆ ಸಾಕಿತ್ತು, ನಂಬಿ ಹೋಗುತ್ತಿದ್ದ. ನಾನು ವಹಿ ತೆರೆದು ಕೆಂಪು ಸುತ್ತು ತೋರಿಸಿ ಎಲ್ಲ ಹೇಳಿದೆ. ಅವನು ಪುಟ ನೋಡಿ ವಹಿ ಮುಚ್ಚಿದ.

‘ನನಗ ಹೇಳಿದ್ರಿ, ಆತು. ಏಳಕ್ಕ ತಿಳ್ಕೊಂಡಿದ್ರ ಬೋಟ್ ಒಂಬತ್ತೂವರಿಗೆ ಬರ್ತಿತ್ತ. ಅವಾಗಿಂದ ಹನ್ನೆರಡೂವರಿ ತನಕ ಮುದುಕಿ ಬೋಟ್ ಎಲ್ಲೈತಿ, ಬೋಟ್ ಎಲ್ಲೈತಿ ಅಂತ ಕೇಳಾಕತ್ತಿದ್ಲು. ಆ ಮೂರ ತಾಸಿನಾಗ ಅಕಿ ಒಂಬತ್ತ ಕುರಿ ಕಣ್ಣ ಮುಂದ ಹೋದವು. ಅಕಿಗೆ ನಾ ಏನ್ ಹೇಳ್ಲಿ? ನೀವ ಬರ್ರಿ.’

ಹೋದೆ. ಕುರಿಗಾರರನ್ನು ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ, ಎಂದರೆ ಗೋದಾಮಿನಲ್ಲಿ, ಇಳಿಸಿದ್ದರು. ಘಾಟಿಗೆ ಕುರಿಗಳೂ ಸೀನುತ್ತಿದ್ದವು. ಲಗಮವ್ವ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬರೆದಿಟ್ಟದ್ದನ್ನೂ ಓದಿದ್ದನ್ನೂ ಬೋಟು ಬೇರೆ ಕಡೆ ಹೋದದ್ದನ್ನೂ ಹೇಳಿದೆ.

‘ನಾವ ಮುಂಜಾನೆ ಕುರಿ ಎಣಸ್ತೀವಿ’ ಎಂದಳು ಆಮೇಲೆ. ‘ದೊಡ್ಡಿ ಬಾಯಾಗ ನಿಂತ, ಒಂದೊಂದ ಬೆನ್ನ ಮುಟ್ಟಿ ಎಣಸ್ತೀವಿ. ನಿನ್ನಿ ಇಷ್ಟ ಇದ್ವು, ಇವತ್ತೂ ಅಷ್ಟ ಇರಬೇಕ ಅಂತ ಎಣಸಂಗಿಲ್ಲೋ ಯಪ್ಪಾ. ನಿಮ್ಮಲ್ಲೆ ಹಂಗ ಎಣಸ್ತಾರೇನು?’

‘ನಾ ಹಂಗ ಎಣಿಸಿದ್ದೆ ಅವ್ವಾ’ ಎಂದೆ.

‘ಇನ್ನ ಹಂಗ ಎಣಸಬ್ಯಾಡ’ ಎಂದಳು. ಕುರಿಯ ಬಗ್ಗೆ ಅಳಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಪಕ್ಕದ ಗಡಿಗೆಯಿಂದ ಒಂದು ಲೋಟ ಮಜ್ಜಿಗೆ ಬಗ್ಗಿಸಿ ನನ್ನ ಕೈಗಿಟ್ಟಳು. ನಿಂತೇ ಕುಡಿದೆ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಮೋರ್ಸ್ ನಿಂತುಹೋಯಿತು, ನನ್ನ ಬೆರಳಿಗೆ ಮಾತ್ರ ಅದು ತಿಳಿಯದೆ ಈಗಲೂ ತಾಟು ಬಡಿಯುತ್ತದೆ. ಗುಡ್ಡದ ಮೇಲೆ ಗೋಪುರ ಎದ್ದಿತು, ಪೇದೆಯ ಸೊಂಟಕ್ಕೆ ಸಿಕ್ಕಿಸುವ ಸೆಟ್ಟು ಬಂತು, ಹಳ್ಳಿ ಹಳ್ಳಿಗೆ ಫೋನು ಬಂತು. ಧ್ವನಿ ಸ್ಫಟಿಕದಷ್ಟು ಸ್ವಚ್ಛವಾಯಿತು. ಹೊಸ ಹುಡುಗರು ಬಂದಾಗಲೆಲ್ಲ ಕೆಂಪು ಸುತ್ತಿನ ಪುಟ ತೋರಿಸಿದೆ. ಕೆಲವರು ಗಂಭೀರವಾಗಿ ನೋಡಿದರು, ಕೆಲವರು ಆರೂವರೆಗೇ ಬರೆದಿಡುವ ಉಪಾಯ ಕಲಿತುಕೊಂಡರು. ಅವರಿಗೆ ಬೈದಿದ್ದೇನೆ. ಸಾಹೇಬರಷ್ಟು ಸಹನೆ ನನಗಿಲ್ಲ.

ಒಟ್ಟಿನಲ್ಲಿ ನನಗೆ ಈ ಕೆಲಸ ಬಹಳ ಹಿಡಿಸಿತು. ಮತ್ತೆ ಹುಟ್ಟಿದರೂ ಇದನ್ನೇ ಕೊಡಿ ಎನ್ನುತ್ತೇನೆ. ಮನೆಯಲ್ಲಿ ಹೆಂಡತಿಯೊಂದಿಗೆ ಮಾತು ಮುಗಿಸಿ ‘ಓವರ್’ ಎನ್ನುವ ಚಟ ಇನ್ನೂ ಹೋಗಿಲ್ಲ. ಅವಳೂ, ‘ರೊಟ್ಟಿ ತಣ್ಣಗಾಗಾಕತ್ತಾವು, ಬರ್ರಿ, ಓವರ್’ ಎಂದೇ ಕರೆಯುತ್ತಾಳೆ.

ನಿವೃತ್ತಿಯ ದಿನ ಕೊನೆಯ ಹಾಜರಿ ನಾನೇ ಕರೆಯುತ್ತೇನೆಂದು ಹಟ ಹಿಡಿದೆ. ಮಳೆಗಾಲವಾಗಿತ್ತು. ಸಂಗಮದ ಸೆಟ್ಟಿಗೆ ಆ ವರ್ಷವೂ ಯಮನಪ್ಪನೇ ಇದ್ದ, ತಲೆ ಪೂರ್ತಿ ಹಣ್ಣಾಗಿತ್ತು. ಹಾರ, ಶಾಲು, ಫೋಟೋದವರು ಎಲ್ಲ ಬಾಗಿಲಲ್ಲಿ ಕಾಯುತ್ತಿದ್ದರು. ಏಳಕ್ಕೆ ಶುರು ಮಾಡಿದೆ. ಅಥಣಿ ನಿಲ್, ಬರೆದೆ. ಕಾಗವಾಡ ನಿಲ್, ಬರೆದೆ. ಸಂಗಮ ಎಂದು ಕರೆದೆ. ಉತ್ತರವಿಲ್ಲ. ಬೆಳಗಾವಿ ವರದಿ ಕೇಳಿತು. ‘ಒಂದು ಹೆಸರು ಬಾಕಿ ಇದೆ, ಕಾಯಿರಿ’ ಎಂದೆ. ಬಾಗಿಲಿನಿಂದ ಯಾರೋ, ‘ಬಿಡ್ರಿ ಮಲಗೌಡ್ರ, ಹಾರ ಬಾಡಾಕತ್ತೈತಿ’ ಎಂದರು. ಖಾಲಿ ಖಾನೆಗೆ ಪೆನ್ನು ಮುಟ್ಟಿಸದೆ ಮತ್ತೆ ಕರೆದೆ, ಮತ್ತೊಮ್ಮೆ ಕರೆದೆ. ಏಳನೆಯ ಸಲಕ್ಕೆ ಕರಕರ ಸದ್ದಾಯಿತು.

‘ಇಲ್ಲೇ ಅದೀನ್ರಿ, ಕೇಳಾಕತ್ತೈತಿ’ ಎಂದ ಯಮನಪ್ಪ. ‘ಕಡೀ ದಿನ, ಕಾಯ್ತೀರೋ ಇಲ್ಲೋ ನೋಡೂಣು ಅಂತ ಸುಮ್ಮನ ಕುಂತಿದ್ದೆ. ಲಗಮವ್ವನ ಮಗಾ ಇಲ್ಲೇ ಅದಾನ. ಕುರಿ ಎಣಿಸಿದಾನ, ಎಲ್ಲಾ ಅದಾವಂತ. ನಿಲ್. ಓವರ್.’

ಆಮೇಲೆ ಬರೆದೆ.